ಸುಮಂಗಲಾ ತಿದ್ದಿದ ಒಂದು ಪದ

ಸುಮಂಗಲಾ ರಾಯಚೂರಿನ ಕಡೆಯವಳು. ಕೃಷ್ಣೆಯ ದಂಡೆಯ ದೇವಸೂಗೂರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದಳು. ಆಮೇಲೆ ದಿನಾ ಬಸ್ಸಿನಲ್ಲಿ ರಾಯಚೂರಿಗೆ ಹೋಗಿಬಂದು ಬಿ.ಎಸ್ಸಿ. ಮುಗಿಸಿದಳು. ಇಂಗ್ಲಿಷ್ ಅವಳಿಗೆ ಪುಸ್ತಕದ ಭಾಷೆ. ಓದಿದರೆ ತಿಳಿಯುತ್ತಿತ್ತು, ಕುಳಿತು ಬರೆದರೆ ಬರುತ್ತಿತ್ತು, ಬಾಯಿ ತೆರೆಯಬೇಕಾದಾಗ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಮದುವೆಯಾಗಿ ಹೈದರಾಬಾದಿಗೆ ಬಂದ ಹೊಸದರಲ್ಲಿ, ಮುಂದೊಂದು ದಿನ ಈ ಭಾಷೆಯೇ ನಿನಗೆ ಅನ್ನ ಹಾಕುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವಳು ನಕ್ಕುಬಿಡುತ್ತಿದ್ದಳು.

ಗಂಡ ಅಂಬಾದಾಸ ಕೋಠಿಯಲ್ಲಿ ವೈರು, ಸ್ವಿಚ್ಚು, ಫ್ಯಾನು ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ದಿಲ್‌ಸುಖ್‌ನಗರದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮನೆಯಲ್ಲಿ ಗಂಡ, ಹೆಂಡತಿ, ಅಂಬಾದಾಸನ ತಾಯಿ ಗದಿಗೆಮ್ಮ, ಮತ್ತು ಆಗಷ್ಟೇ ಗೋಡೆ ಹಿಡಿದು ನಡೆಯುತ್ತಿದ್ದ ಮಗಳು ಅಪೂರ್ವ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಅಂಗಡಿಯಲ್ಲಿ ಹಿಂದಿ. ಆ ಓಣಿಯ ಎಲ್ಲ ಮನೆಗಳ ಕತೆಯೂ ಹೆಚ್ಚುಕಡಿಮೆ ಇದೇ.

ಇಸವಿ ಎರಡು ಸಾವಿರದ ಹೊತ್ತಿಗೆ ದಿಲ್‌ಸುಖ್‌ನಗರದ ಗೋಡೆಗಳ ತುಂಬ ಕೋಚಿಂಗ್ ಸೆಂಟರಿನ ಬೋರ್ಡುಗಳೇ ಇದ್ದವು. ಜಾವಾ ಕಲಿಯಿರಿ, ಒರಾಕಲ್ ಕಲಿಯಿರಿ, ಆರು ತಿಂಗಳಲ್ಲಿ ಅಮೇರಿಕಾ. ಅವುಗಳ ನಡುವೆ ಅಂಬಾದಾಸ ಒಂದು ದಿನ ಬೇರೆ ಬಗೆಯ ಬೋರ್ಡು ನೋಡಿಕೊಂಡು ಬಂದ. ಅಮೇರಿಕಾದ ಡಾಕ್ಟರರು ರೋಗಿಯನ್ನು ನೋಡಿದ ಮೇಲೆ ವರದಿಯನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ, ಅದನ್ನು ಇಲ್ಲಿ ಕೇಳಿಸಿಕೊಂಡು ಟೈಪ್ ಮಾಡಬೇಕು, ವಿಜ್ಞಾನ ಓದಿದವರಿಗೆ ಮೊದಲ ಅವಕಾಶ ಎಂದಿತ್ತಂತೆ. ಸುಮಂಗಲಾ ಮಗುವಿನ ಕಡೆ ನೋಡಿದಳು. ಗದಿಗೆಮ್ಮ ಸೊಸೆಯ ಕಣ್ಣು ಎಲ್ಲಿ ಹೋಯಿತು ಎಂಬುದನ್ನು ನೋಡಿದಳು.

"ಕೂಸನ್ನ ನಾ ನೋಡ್ಕೋತೀನಿ," ಎಂದಳು ಅತ್ತೆ. "ಅಷ್ಟು ಬಸ್ಸಿನ್ಯಾಗ ತಿರುಗಿ ಓದಿ, ಆ ಓದು ಒಲಿ ಮುಂದ ಕುಂತು ಕೆಡಿಸ್ಕೋತಿ ಏನು? ಹೋಗವಾ."

ಆ ಒಂದು ಮಾತಿಗೆ ಸುಮಂಗಲಾ ಜೀವನಪೂರ್ತಿ ಋಣಿ. ಮುಂದೆ ಯಾರೇ ಅವಳ ಕೆಲಸದ ಬಗ್ಗೆ ಕೇಳಿದರೂ, ಕಂಪನಿಯ ಹೆಸರು ಹೇಳುವ ಮೊದಲು ಅತ್ತೆಯ ಹೆಸರು ಹೇಳುತ್ತಿದ್ದಳು.

ಎಂಟು ತಿಂಗಳ ತರಬೇತಿ ಮುಗಿದು ಮಾದಾಪುರದ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಬೆಳಗಿನ ಐದಕ್ಕೆ ಸಾಯಿಬಾಬಾ ಗುಡಿಯ ಹತ್ತಿರ ಕಂಪನಿಯ ಸುಮೋ ಬಂದು ನಿಲ್ಲುತ್ತಿತ್ತು. ಆರಕ್ಕೆಲ್ಲ ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿರುತ್ತಿದ್ದಳು. ಮೇಜಿನ ಕೆಳಗೆ ಹೊಲಿಗೆ ಯಂತ್ರಕ್ಕಿರುವಂಥ ಒಂದು ಪೆಡಲು. ತುಳಿದರೆ ಡಾಕ್ಟರ್ ಮಾತಾಡುತ್ತಾನೆ, ಕಾಲು ತೆಗೆದರೆ ಸುಮ್ಮನಾಗುತ್ತಾನೆ. ಇದನ್ನು ಮನೆಯಲ್ಲಿ ಹೇಳಿದಾಗ ಅಂಬಾದಾಸ, ಹೀಗೆ ಕಾಲಲ್ಲಿ ಬಾಯಿ ಮುಚ್ಚಿಸುವ ಸಲಕರಣೆ ತನ್ನ ಸೇಠನಿಗೂ ಒಂದು ಬೇಕಾಗಿತ್ತು ಎಂದು ನಗಿಸಿದ.

ಅವಳ ಪಾಲಿಗೆ ಬಂದ ಡಾಕ್ಟರರಲ್ಲಿ ಮುಖ್ಯನಾದವನು ಹಾಲ್ವರ್ಸನ್ ಎಂಬ ಮುದುಕ. ಅಮೇರಿಕಾದ ಉತ್ತರದ ಯಾವುದೋ ಸಣ್ಣ ಊರಿನವನು. ಅವನ ಮುಖ ಹೇಗಿದೆಯೋ ಸುಮಂಗಲಾಳಿಗೆ ಗೊತ್ತಿಲ್ಲ, ಆದರೆ ಅವನ ಕೆಮ್ಮು ಗೊತ್ತು, ಅವನ ಕುರ್ಚಿ ಕಿರುಗುಟ್ಟುವುದು ಗೊತ್ತು. ಮಾತಿನ ನಡುವೆ ಕಿಟಕಿಯಾಚೆ ನೋಡಿ ಹಿಮ ಬೀಳುತ್ತಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಬೇರೆ ಡಾಕ್ಟರರು ಹುರಿಗಾಳು ಮುಕ್ಕುವವರ ಹಾಗೆ ಗಡಿಬಿಡಿಯಲ್ಲಿ ಮಾತಾಡುವಾಗ, ಈತ ಮಾತ್ರ ಎದುರಿಗೆ ಯಾರೋ ಕುಳಿತಿದ್ದಾರೆ ಎನ್ನುವಂತೆ ನಿಧಾನವಾಗಿ ಹೇಳುತ್ತಿದ್ದ. ವರದಿಗಳ ಜೊತೆಗೆ ರೋಗಿಗಳ ಮನೆಯವರಿಗೆ ಪತ್ರ ಬರೆಸುವ ರೂಢಿಯೂ ಅವನಿಗಿತ್ತು.

ಅವಳು ಟೈಪ್ ಮಾಡಿದ್ದನ್ನೆಲ್ಲ ಮೊದಲು ಭವಾನಿ ಓದುತ್ತಿದ್ದಳು. ಭವಾನಿ ಮೈಸೂರಿನವಳು, ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ್ದಳು. ಸುಮಂಗಲಾಳಿಗಿಂತ ನಾಲ್ಕು ವರ್ಷ ಚಿಕ್ಕವಳಾದರೂ ಕೆಲಸದಲ್ಲಿ ಮೇಲಿನವಳು. ಅವಳ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮವೂ ಆಚೆ ಹೋಗುತ್ತಿರಲಿಲ್ಲ. ಒಬ್ಬಳು "ಐತಿ" ಎನ್ನುವುದು, ಇನ್ನೊಬ್ಬಳು "ಇದೆ" ಎನ್ನುವುದು, ಇದರಿಂದ ಶುರುವಿನಲ್ಲಿ ಇಬ್ಬರ ನಡುವೆ ಸ್ವಲ್ಪ ಬಿಗುವಿತ್ತು. ಭವಾನಿ ಕೆಂಪು ಗುರುತು ಹಾಕಿದ ಹಾಳೆ ಕೊಟ್ಟರೆ ಸುಮಂಗಲಾ "ಹೂಂ ಮೇಡಂ" ಎಂದು ತೆಗೆದುಕೊಂಡು ಬರುತ್ತಿದ್ದಳು. ಅದರಾಚೆಗೆ ಮಾತಿಲ್ಲ.

ಎರಡು ಸಾವಿರದ ಎರಡರ ಸಂಕ್ರಾಂತಿಗೆ ಭವಾನಿ ನಾಲ್ಕು ದಿನ ರಜೆ ಹಾಕಿ ಮೈಸೂರಿಗೆ ಹೋದಳು. ಆ ವಾರ ಕೆಲಸ ಜಾಸ್ತಿ, ಜನ ಕಡಿಮೆ. ಸುಮಂಗಲಾ ಈಗ ಪಳಗಿದ್ದಾಳೆ, ಅವಳದು ನೇರ ಕಳಿಸಬಹುದು ಎಂದು ಮ್ಯಾನೇಜರ್ ತರುಣ ತೀರ್ಮಾನಿಸಿದ. ಅದು ಅವಳ ಮೇಲಿಟ್ಟ ವಿಶ್ವಾಸ. ಅವಳಿಗೆ ಹೆಮ್ಮೆಯೂ ಆಯಿತು.

ಆ ದಿನ ಹಾಲ್ವರ್ಸನ್ ಡಾಕ್ಟರ್ ಒಬ್ಬ ಹೆಂಗಸಿಗೆ ಪತ್ರ ಬರೆಸಿದ. ಅವಳ ಗಂಡನಿಗೆ ಎರಡು ಸಲ ಆಪರೇಷನ್ ಆಗಿತ್ತು. ಎರಡನೆಯದಾದ ಹತ್ತು ದಿನಕ್ಕೆ ಆತ ತೀರಿಕೊಂಡಿದ್ದ. ಡಾಕ್ಟರ್ ಕೆಮ್ಮಿ, ಒಂದೊಂದೇ ವಾಕ್ಯ ಹೇಳಿದ. ನಡುವೆ ಒಂದು ವಾಕ್ಯ ಬಂತು: "ಐ ವಿಶ್ ದ ಸೆಕೆಂಡ್ ಆಪರೇಷನ್ ಹ್ಯಾಡ್ ಹೆಲ್ಪ್‌ಡ್ ಹಿಮ್."

ಸುಮಂಗಲಾ ಪೆಡಲಿನಿಂದ ಕಾಲು ತೆಗೆದಳು. ಅವಳಿಗೆ ವಿಶ್ ಎಂದರೆ ಹಬ್ಬದ ಪದ. ಹೊಸ ವರ್ಷಕ್ಕೆ, ಹುಟ್ಟಿದ ದಿನಕ್ಕೆ ಬರುವ ಕಾರ್ಡಿನ ಮೇಲೆ ಗುಲಾಬಿ ಹೂವಿನ ಪಕ್ಕ ಬರೆದಿರುವ ಪದ. ಮುಂದಿನ ವಾರ ಅಪೂರ್ವಳ ಹುಟ್ಟುಹಬ್ಬಕ್ಕೆ ಕೊಂಡಿಟ್ಟಿದ್ದ ಕಾರ್ಡಿನಲ್ಲೂ ಅದೇ ಇತ್ತು. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಬರೆವ ಪತ್ರದಲ್ಲಿ ಅದನ್ನು ಹೇಗೆ ಇಡುವುದು? ಮುದುಕ ದಣಿದಿದ್ದಾನೆ, ಬಾಯಿತಪ್ಪಿ ಹೇಳಿರಬೇಕು. ವಾಕ್ಯದ ನಡುವೆ ಹ್ಯಾಡ್ ಎಂದದ್ದೂ ಅವಳಿಗೆ ಸರಿ ಕಾಣಲಿಲ್ಲ. ಡಾಕ್ಟರರು ಮಾತಿನ ಭರದಲ್ಲಿ ಮಾಡುವ ಸಣ್ಣಪುಟ್ಟ ವ್ಯಾಕರಣ ತಪ್ಪನ್ನು ಟೈಪ್ ಮಾಡುವವರೇ ಸರಿಮಾಡಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅವಳ ಕಾಲೇಜಿನ ನಿಘಂಟಿನಲ್ಲಿ ವಿಶ್‌ಗೂ ಆಶಿಸು, ಹೋಪ್‌ಗೂ ಆಶಿಸು. ಎರಡರಲ್ಲಿ ಗಂಭೀರವಾಗಿ ಕಂಡದ್ದನ್ನು ಆರಿಸಿ, ಮರ್ಯಾದೆಯಿಂದಲೇ, ಅವಳು ಬರೆದಳು: "ಐ ಹೋಪ್ ದ ಸೆಕೆಂಡ್ ಆಪರೇಷನ್ ಹ್ಯಾಸ್ ಹೆಲ್ಪ್‌ಡ್ ಹಿಮ್." ಬರೆದು, ಒಮ್ಮೆ ಓದಿ, ಕಳಿಸಿದಳು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನದಲ್ಲೇ ಮನೆಗೆ ಹೋದಳು.

ಮೂರನೆಯ ದಿನ ತರುಣ ಅವಳನ್ನು ಒಳಗೆ ಕರೆಸಿದ. ಅಮೇರಿಕಾದ ಆಸ್ಪತ್ರೆಯ ಕಚೇರಿಯಿಂದ ಮೇಲ್ ಬಂದಿತ್ತು. ಸತ್ತ ಮನುಷ್ಯನಿಗೆ ಆಪರೇಷನ್ನಿನಿಂದ ಗುಣವಾಗಿದೆಯೆಂದು ನಂಬಿದ್ದೇನೆ ಎಂಬರ್ಥದ ಪತ್ರ, ಅದೂ ಅವನ ಹೆಂಡತಿಗೇ. ಸಹಿ ಹಾಕುವಾಗ ಡಾಕ್ಟರ್ ನೋಡಿದ್ದರಿಂದ ಪತ್ರ ಹೋಗದೆ ಉಳಿಯಿತು. ತರುಣ ಕೂಗಾಡಲಿಲ್ಲ. ಇಂಥ ತಪ್ಪು ದೊಡ್ಡ ತಪ್ಪುಗಳ ಪಟ್ಟಿಗೆ ಸೇರುತ್ತದೆ, ಒಂದು ತಿಂಗಳು ಅವಳ ಕೆಲಸವನ್ನು ಪರೀಕ್ಷೆಗೆ ಇಡಬೇಕಾಗುತ್ತದೆ, ಆಮೇಲೆ ಮುಂದಿನ ಮಾತು ಎಂದ. ಮುಂದಿನ ಮಾತು ಏನೆಂಬುದು ಇಬ್ಬರಿಗೂ ಗೊತ್ತಿತ್ತು.

ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕೆಲಸ ಹೋದೀತೆಂಬ ಹೆದರಿಕೆಗಿಂತ ಹೆಚ್ಚಾಗಿ, ಎಲ್ಲೋ ಹಿಮದೂರಿನಲ್ಲಿ ಒಬ್ಬ ಹೆಂಗಸು ಆ ಪತ್ರ ಓದಿದ್ದರೆ ಅವಳ ಗತಿ ಏನಾಗುತ್ತಿತ್ತು ಎಂಬುದು ಅವಳನ್ನು ಕಾಡಿತು. ಅಷ್ಟಾದರೂ ತಾನು ಮಾಡಿದ ತಪ್ಪು ನಿಖರವಾಗಿ ಎಲ್ಲಿದೆ ಎಂಬುದು ಅವಳಿಗಿನ್ನೂ ಹೊಳೆದಿರಲಿಲ್ಲ.

ಅದೇ ದಿನ ಭವಾನಿ ರಜೆ ಮುಗಿಸಿ ಬಂದಳು. ವಿಷಯ ತಿಳಿದು ನೇರವಾಗಿ ತರುಣನ ಕೋಣೆಗೆ ಹೋದಳು. ಒಳಗೆ ಏನು ಮಾತಾಯಿತೆಂಬುದು ಸುಮಂಗಲಾಳಿಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ, ಬೇರೆಯವರ ಬಾಯಿಂದ. ಪರೀಕ್ಷಿಸದೆ ಪತ್ರ ಆಚೆ ಹೋದದ್ದು ವ್ಯವಸ್ಥೆಯ ತಪ್ಪು, ತಾನು ರಜೆ ಹೋಗುವಾಗ ಬದಲಿಯವರನ್ನು ನೇಮಿಸಿ ಹೋಗಬೇಕಿತ್ತು, ಆದ್ದರಿಂದ ತಪ್ಪಿನ ಪಟ್ಟಿಯಲ್ಲಿ ಬರೆಯುವುದಾದರೆ ತನ್ನ ಹೆಸರನ್ನೂ ಬರೆಯಿರಿ ಎಂದಿದ್ದಳಂತೆ. ತರುಣ ಇಬ್ಬರ ಹೆಸರನ್ನೂ ಬರೆಯಲಿಲ್ಲ.

ಹೊರಗೆ ಬಂದ ಭವಾನಿ ಸುಮಂಗಲಾಳ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತಳು. "ಸುಮಂಗಲಾ ಅವ್ರೇ, ಇವತ್ತು ಬಂದಿರೋ ಫೈಲ್‌ನಲ್ಲಿ ಕೊನೇದನ್ನ ನೀವು ಇನ್ನೂ ಕೇಳಿಲ್ಲ. ಕೇಳಿ," ಎಂದು ಹೆಡ್‌ಫೋನ್ ಕೊಟ್ಟಳು.

ಹಾಲ್ವರ್ಸನ್ ಡಾಕ್ಟರನ ದನಿ. ರೋಗಿಗಳ ವರದಿಗಳೆಲ್ಲ ಮುಗಿದ ಮೇಲೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಆತ ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಹೀಗಿತ್ತು: ಇದು ನನ್ನ ಪತ್ರಗಳನ್ನು ಟೈಪ್ ಮಾಡುವವರಿಗೆ. ನೀವು ಯಾರೋ, ಯಾವ ಊರಿನವರೋ ನನಗೆ ತಿಳಿಯದು. ನಾನು ವಿಶ್ ಎಂದದ್ದನ್ನು ನೀವು ಹೋಪ್ ಮಾಡಿದ್ದೀರಿ. ಹೋಪ್ ಎಂದರೆ ಆ ಕೆಲಸ ಆಗಿರಬಹುದು, ಅಥವಾ ಇನ್ನೂ ಆಗಬಹುದು ಎಂದು ನಾನು ನಂಬಿದ ಹಾಗೆ. ಆ ಮನುಷ್ಯನನ್ನು ಮಂಗಳವಾರ ಮಣ್ಣು ಮಾಡಿದ್ದಾರೆ. ನಾನೂ ಅಲ್ಲಿದ್ದೆ. ಆಗಲಿಲ್ಲವೆಂದು ಗೊತ್ತಿದ್ದೂ, ಆಗಿದ್ದರೆ ಎಂದು ಮನಸ್ಸು ಹೇಳುವುದಕ್ಕೆ ವಿಶ್ ಬೇಕು. ನಿಮ್ಮನ್ನು ಬೈಯಲು ಇದನ್ನು ಹೇಳುತ್ತಿಲ್ಲ. ನಿಮ್ಮ ಕೆಲಸ ಒಳ್ಳೆಯದು, ನನ್ನ ಕೆಮ್ಮನ್ನು ದಾಟಿ ಪದ ಹುಡುಕುವವರು ನೀವೊಬ್ಬರೇ. ಪತ್ರವನ್ನು ಮತ್ತೆ ಬರೆದು ಕಳಿಸಿ.

ಸುಮಂಗಲಾ ಎರಡು ಸಲ ಕೇಳಿದಳು. ಆಮೇಲೆ ಅಭ್ಯಾಸಬಲದಿಂದ, ಕೇಳಿದ್ದನ್ನೆಲ್ಲ ಬರೆಯಬೇಕೆಂಬ ನಿಯಮದಂತೆ, ತನ್ನನ್ನೇ ಕುರಿತ ಆ ಮಾತುಗಳನ್ನೂ ಒಂದಕ್ಷರ ಬಿಡದೆ ಟೈಪ್ ಮಾಡಿದಳು. ಅದನ್ನು ಕಂಡು ಭವಾನಿ ನಗು ತಡೆಯಲಾರದೆ ಮೇಜಿನ ಮೇಲೆ ತಲೆಯಿಟ್ಟಳು. ಸುಮಂಗಲಾಳಿಗೂ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರೂ ಬಂತು. ಬಿಗುವು ಕರಗಿದ್ದು ಆಗಲೇ.

ಭವಾನಿ ಹಾಳೆ ತೆಗೆದು ವಿವರಿಸಿದಳು. ವಿಶ್ ಆದಮೇಲೆ ಬರೀ ಹೆಸರುಪದ ಬಂದರೆ ಅದು ಹಾರೈಕೆ, ನೀವು ಕಾರ್ಡಿನಲ್ಲಿ ನೋಡಿದ್ದು ಅದು. ಅದರ ಮುಂದೆ ಒಂದು ಇಡೀ ವಾಕ್ಯ ಬಂದರೆ ಅರ್ಥವೇ ಬೇರೆ, ಆಗ ಕ್ರಿಯಾಪದ ಒಂದು ಹೆಜ್ಜೆ ಹಿಂದಕ್ಕೆ, ಭೂತಕಾಲಕ್ಕೆ ಹೋಗುತ್ತದೆ. ಇವತ್ತಿನ ವಿಷಯವಾದರೂ ಭೂತಕಾಲವೇ. ಸುಮಂಗಲಾ ತಲೆಯಾಡಿಸಿದಳು. ಅರ್ಥವೇನೋ ಆಯಿತು, ಆದರೆ ಇವತ್ತಿನ ಮಾತಿಗೆ ನಿನ್ನೆಯ ಕ್ರಿಯಾಪದ ಯಾಕೆ ಎಂಬುದು ಬಗೆಹರಿಯದೆ ಉಳಿಯಿತು. ಸುಮೋದಲ್ಲಿ ಮನೆಗೆ ಬರುವಾಗ ಪೂರ್ತಿ ಅದನ್ನೇ ಯೋಚಿಸಿದಳು.

ಮನೆಯಲ್ಲಿ ಗದಿಗೆಮ್ಮ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟುತ್ತಿದ್ದಳು. ಸಂಕ್ರಾಂತಿ ಕಳೆದು ವಾರವಾಗುತ್ತ ಬಂದರೂ ಅವಳ ಹಬ್ಬ ಮುಗಿಯುವುದು ಸಜ್ಜೆ ಹಿಟ್ಟು ಮುಗಿದ ಮೇಲೆ. ಅಂಬಾದಾಸ ಜ್ವರ ಬಂದು ಒಳಕೋಣೆಯಲ್ಲಿ ಮಲಗಿದ್ದ. ಸುಮಂಗಲಾ ಕೈಕಾಲು ತೊಳೆದು ಬಂದು ಒಲೆಯ ಪಕ್ಕ ಕುಳಿತಾಗ ಅತ್ತೆ ತನ್ನ ಪಾಡಿಗೆ ಮಾತಾಡುತ್ತಿದ್ದಳು. ಅವಳಿಗೊಬ್ಬ ತಮ್ಮನಿದ್ದ, ಸೂಗಪ್ಪ. ತಾಯಿ ಸತ್ತ ಮೇಲೆ ಇವಳೇ ಎತ್ತಿ ಬೆಳೆಸಿದವನು. ಇಪ್ಪತ್ತೆರಡಕ್ಕೆ ಕಾಮಾಲೆಯಾಗಿ ತೀರಿಹೋದ. ಆಗಿ ಮೂವತ್ತು ವರ್ಷವಾಗಿದ್ದರೂ, ರೊಟ್ಟಿ ಬೇಯಿಸುವಾಗೊಮ್ಮೆ ಅವನ ಹೆಸರು ಬಂದೇ ಬರುತ್ತಿತ್ತು.

"ಸೂಗಪ್ಪ ಇದ್ದಿದ್ರ ಇಂಥವು ಐದು ತಿಂತಿದ್ದ," ಎಂದಳು ಗದಿಗೆಮ್ಮ, ರೊಟ್ಟಿ ಮಗುಚಿ ಹಾಕುತ್ತ. ಅದೇ ಉಸಿರಿನಲ್ಲಿ, "ನಾಳಿಗಿ ಅಂಬಾದಾಸಗ ಜ್ವರ ಇಳೀಲಿ, ಅವಂಗೂ ಎರಡು ಬಿಸಿ ಬಿಸಿ ಹಾಕಿ ಕೊಡ್ತೀನಿ."

ಸುಮಂಗಲಾ ಸೆಟೆದು ಕುಳಿತಳು. "ಅತ್ತಿ, ಇವ್ರ ಮಾತಿಗೆ 'ಇಳೀಲಿ' ಅಂತೀರಿ. ಸೂಗಪ್ಪ ಮಾವನ ಮಾತಿಗೆ 'ಇದ್ದಿದ್ರ' ಅಂತೀರಿ. ಅವ್ರಿಗೆ 'ಇರ್ಲಿ' ಅಂತ ಯಾಕ ಅನ್ನಂಗಿಲ್ಲ?"

ಗದಿಗೆಮ್ಮ ಕೈ ನಿಲ್ಲಿಸಿ ಸೊಸೆಯನ್ನು ನೋಡಿದಳು. ಇವಳಿಗೇನಾದರೂ ಆಗಿದೆಯೋ ಎಂಬ ನೋಟ.

"ಹೋದವ್ರಿಗೆ ಇರ್ಲಿ ಅಂತಾರೇನವಾ? ಇರ್ಲಿ ಅನ್ನೋದು ಇದ್ದವ್ರಿಗೆ. ಹೋದವ್ರಿಗೆ ಇದ್ದಿದ್ರ ಅಂತನ ಅನಬೇಕು. ಇಷ್ಟೂ ತಿಳೀದ ಆ ಡಾಕ್ಟರ್ ಹೇಳಿದ್ದು ಹ್ಯಾಂಗ ಬರೀತಿ?"

ಸುಮಂಗಲಾ ಆ ಪದವನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಇದ್ದಿದ್ದರೆ. ಇವತ್ತು ತಿನ್ನಬೇಕಾದ ರೊಟ್ಟಿಗೆ, ಇವತ್ತು ಇಲ್ಲದ ಮನುಷ್ಯನಿಗೆ, ಅತ್ತೆ ಹೇಳಿದ್ದು ಹಿಂದಿನ ಕಾಲದ ಕ್ರಿಯಾಪದ. ಯಾರೂ ಕಲಿಸದೆ, ಯಾವ ವ್ಯಾಕರಣವೂ ಇಲ್ಲದೆ, ಸಹಿ ಬದಲು ಹೆಬ್ಬೆಟ್ಟು ಒತ್ತುವ ಗದಿಗೆಮ್ಮ ಮೂವತ್ತು ವರ್ಷದಿಂದ ಸರಿಯಾಗಿ ಹೇಳುತ್ತಿದ್ದಳು. ನಾನೂ ಹುಟ್ಟಿದಾಗಿನಿಂದ ಸರಿಯಾಗೇ ಹೇಳುತ್ತಿದ್ದೆ. ಇಂಗ್ಲಿಷಿಗೆ ಬಂದಾಗ ಮಾತ್ರ, ಗೊತ್ತಿದ್ದದ್ದನ್ನೆಲ್ಲ ಹೊಸ್ತಿಲ ಹೊರಗೆ ಚಪ್ಪಲಿಯ ಹಾಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗಿದ್ದೆ. ಹೀಗೆಂದು ಅವಳು ಮುಂದೆ ತನ್ನ ವಿದ್ಯಾರ್ಥಿನಿಯರಿಗೆ ಹೇಳುವಳು. ಆ ಹೊತ್ತಿಗೆ ಮಾಡಿದ್ದಿಷ್ಟೇ: ಅತ್ತೆಯ ಕೈಯಿಂದ ಹಿಟ್ಟು ತೆಗೆದುಕೊಂಡು, ನೀವು ಏಳ್ರಿ, ಉಳಿದದ್ದು ನಾ ಬಡೀತೀನಿ ಎಂದಳು.

ಮರುದಿನ ಪತ್ರವನ್ನು ಸರಿಯಾಗಿ ಬರೆದಳು. ಡಾಕ್ಟರ್ ಹೇಳಿದ ಹಾಗೇ, ಪದಕ್ಕೆ ಪದ. ಪ್ರತಿ ಪತ್ರದ ಜೊತೆ ಕಂಪ್ಯೂಟರಿನಲ್ಲಿ ಒಂದು ಸಣ್ಣ ಚೌಕ ಇರುತ್ತಿತ್ತು. ಯಾವುದಾದರೂ ಪದ ಕೇಳಿಸದಿದ್ದರೆ ಅಲ್ಲಿ ಬರೆದು ಡಾಕ್ಟರನನ್ನು ಕೇಳಬಹುದು. ಅದರಾಚೆಗೆ ಒಂದು ಮಾತೂ ಬರೆಯಬಾರದು, ಕಂಪನಿಯ ಕಟ್ಟುನಿಟ್ಟು. ಸುಮಂಗಲಾ ಆ ಚೌಕದಲ್ಲಿ ಎರಡು ವಾಕ್ಯ ಬರೆದು ಭವಾನಿಯನ್ನು ಕರೆದಳು.

"ಐ ವಿಶ್ ಐ ಹ್ಯಾಡ್ ನೋನ್ ದಿಸ್ ಬಿಫೋರ್. ಐ ಹೋಪ್ ಇಟ್ ವಿಲ್ ನಾಟ್ ಹ್ಯಾಪನ್ ಅಗೇನ್." ಇದು ಮೊದಲೇ ಗೊತ್ತಿದ್ದಿದ್ದರೆ ಚೆನ್ನಾಗಿತ್ತು. ಇನ್ನೊಮ್ಮೆ ಹೀಗಾಗದಿರಲಿ.

ಭವಾನಿ ಓದಿದಳು. ಇಬ್ಬರಿಗೂ ನಿಯಮ ಗೊತ್ತಿತ್ತು. ಅಳಿಸುವ ಅಧಿಕಾರ ಇದ್ದದ್ದು ಭವಾನಿಗೆ.

"ಇದ್ರಲ್ಲಿ ನನಗೆ ಯಾವ ತಪ್ಪೂ ಕಾಣ್ತಿಲ್ಲ," ಎಂದು ಹೇಳಿ, ತಾನೇ ಗುಂಡಿ ಒತ್ತಿ ಕಳಿಸಿದಳು.

ಎರಡು ದಿನದ ಮೇಲೆ ಹಾಲ್ವರ್ಸನ್ ಡಾಕ್ಟರನ ಫೈಲು "ಗುಡ್ ಮಾರ್ನಿಂಗ್" ಎಂದು ಶುರುವಾಯಿತು. ಅಲ್ಲಿಯವರೆಗೆ ಅವನು ನೇರ ರೋಗಿಯ ಹೆಸರಿನಿಂದ ಶುರುಮಾಡುವವನು. ನಿಮಗೆ ಅಲ್ಲಿ ಬೆಳಗೋ ಸಂಜೆಯೋ ನನಗೆ ಗೊತ್ತಿಲ್ಲ, ಕೇಳುವವರಿದ್ದಾರೆಂದು ಗೊತ್ತಾದಮೇಲೆ ಸುಮ್ಮನೆ ಗೋಡೆಗೆ ಹೇಳಿದ ಹಾಗೆ ಹೇಳಲು ಮನಸ್ಸು ಬರುವುದಿಲ್ಲ ಎಂದ. ಅಂದಿನಿಂದ ಕಷ್ಟದ ಹೆಸರು ಬಂದರೆ ಅಕ್ಷರ ಬಿಡಿಸಿ ಹೇಳತೊಡಗಿದ, ಕೆಮ್ಮು ಬಂದರೆ ಆ ಮಾತನ್ನು ಮತ್ತೊಮ್ಮೆ ಹೇಳುತ್ತಿದ್ದ. ಸುಮಂಗಲಾಳ ತಪ್ಪುಗಳು ಕಡಿಮೆಯಾಗುತ್ತ ಹೋದವು. ಪರೀಕ್ಷೆಯ ತಿಂಗಳು ಮುಗಿದದ್ದು ಯಾರಿಗೂ ನೆನಪಾಗಲಿಲ್ಲ.

ಭವಾನಿ ಇನ್ನೊಂದು ವರ್ಷ ಇದ್ದಳು. ಆಮೇಲೆ ಮದುವೆಯಾಗಿ ಪುಣೆಗೆ ಹೊರಟಳು. ಹೋಗುವ ಮೊದಲು, ಹೊಸದಾಗಿ ಸೇರುವವರಿಗೆ ಪಾಠ ಮಾಡಲು ಸುಮಂಗಲಾಳನ್ನೇ ನೇಮಿಸಿ ಎಂದು ತರುಣನಿಗೆ ಬರೆದುಕೊಟ್ಟಳು. ಸುಮಂಗಲಾ ಬೇಡವೆಂದಳು. ಇಂಗ್ಲಿಷಿನಲ್ಲಿ ನಿಂತು ಮಾತಾಡುವುದೆಂದರೆ ಅವಳಿಗೆ ಇನ್ನೂ ಎದೆ ಡವಗುಟ್ಟುತ್ತಿತ್ತು.

"ಎಂ.ಎ. ಮಾಡಿದ ನನಗೆ ಅದು ಯಾಕೆ ಹಾಗೆ ಅಂತ ಹೇಳೋಕೆ ಬರಲಿಲ್ಲ. ನಿಮ್ಮ ಅತ್ತೆ ಒಲೆ ಮುಂದೆ ಕೂತು ಹೇಳಿದ್ರು," ಎಂದಳು ಭವಾನಿ. "ನೀವು ಅದನ್ನೇ ಹೇಳಿ, ಸಾಕು."

ಹಾಗೆ ಸುಮಂಗಲಾ ಪಾಠ ಹೇಳಲು ನಿಂತಳು. ಮೊದಲ ತಂಡದಲ್ಲಿ ಹನ್ನೆರಡು ಹುಡುಗಿಯರಿದ್ದರು. ಹೆಚ್ಚಿನವರು ತೆಲುಗಿನವರು, ಇಬ್ಬರು ಬೀದರ ಕಡೆಯವರು, ಮಲಕ್‌ಪೇಟೆಯ ಅತಿಯಾ ಎಂಬ ಹುಡುಗಿಯೊಬ್ಬಳು. ಎಲ್ಲರೂ ಅವಳ ಹಾಗೇ, ಮನೆಯಲ್ಲಿ ಒಂದು ಭಾಷೆ, ಪುಸ್ತಕದಲ್ಲಿ ಇನ್ನೊಂದು. ವಿಶ್ ಮತ್ತು ಹೋಪ್ ಪಾಠದ ದಿನ ಅವಳು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಸೂಗಪ್ಪನ ಕತೆ ಹೇಳಿದಳು. ಅವನಿಗೆ ಐದು ರೊಟ್ಟಿ, ಗಂಡನಿಗೆ ಜ್ವರ ಇಳಿಯಲಿ ಎಂಬ ಮಾತು, ಎರಡನ್ನೂ ಹೇಳಿ, ನಿಮ್ಮ ಮನೆಯಲ್ಲಿ ಇಲ್ಲದವರನ್ನು ಹೇಗೆ ನೆನೆಯುತ್ತಾರೆ ಎಂದು ಕೇಳಿದಳು.

ವರಂಗಲ್ ಕಡೆಯ ಹುಡುಗಿ ತೆಲುಗಿನಲ್ಲಿ, "ಉಂಟೆ ಬಾಗುಂಡೇದಿ," ಎಂದಳು. ಇದ್ದಿದ್ದರೆ ಚೆನ್ನಾಗಿತ್ತು. ಅಲ್ಲೂ ಹಿಂದಿನ ಕಾಲ. ಬೀದರಿನವರಿಗೆ ಹೇಳುವುದೇ ಬೇಕಾಗಿರಲಿಲ್ಲ. ಕೊನೆಗೆ ಅತಿಯಾ, ಮೂಲೆಯಿಂದ, ಬಹಳ ಮೆಲ್ಲಗೆ, "ಕಾಶ್ ಅಬ್ಬಾ ಹೋತೆ," ಎಂದಳು. ಅಪ್ಪ ಇದ್ದಿದ್ದರೆ. ಅವಳ ತಂದೆ ಹೋಗಿ ನಾಲ್ಕು ತಿಂಗಳಾಗಿತ್ತು, ಅದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪಕ್ಕದ ಹುಡುಗಿ ಅತಿಯಾಳ ಕೈ ಹಿಡಿದುಕೊಂಡಳು. ಸುಮಂಗಲಾ ಹತ್ತಿರ ಹೋಗಿ, ಈ ಮಾತನ್ನು ಇಂಗ್ಲಿಷಿನಲ್ಲಿ ಹೇಳಬಲ್ಲೆಯಾ ಎಂದು ಕೇಳಿದಳು. ಕೇಳಿದ ಮೇಲೆ, ಕೇಳಬಾರದಿತ್ತೇನೋ ಎನಿಸಿತು. ಆದರೆ ಅತಿಯಾ ಕಣ್ಣು ಒರೆಸಿಕೊಂಡು, ಎಲ್ಲೂ ತಡೆಯದೆ ಹೇಳಿದಳು: "ಐ ವಿಶ್ ಮೈ ಫಾದರ್ ವರ್ ಹಿಯರ್." ಸಂಜೆ ಹೊರಡುವಾಗ ಬಂದು, ಇಷ್ಟು ದಿನ ಎಲ್ಲರೂ ಸಮಾಧಾನ ಹೇಳುತ್ತಾರೆಂದು ಮನೆಯಲ್ಲಿ ಅಪ್ಪನ ಹೆಸರೇ ಎತ್ತಿರಲಿಲ್ಲ, ಇವತ್ತು ಹೇಳಿ ಹಗುರಾಯಿತು ಎಂದಳು. ಆ ತಂಡದಲ್ಲಿ ಆ ಪಾಠವನ್ನು ಯಾರಿಗೂ ಎರಡನೆಯ ಸಲ ಹೇಳಬೇಕಾಗಲಿಲ್ಲ.

ವರ್ಷಗಳು ಹೋದವು. ಮಾದಾಪುರದ ಬಂಡೆಗಳನ್ನು ಒಡೆದ ಜಾಗದಲ್ಲೆಲ್ಲ ಗಾಜಿನ ಕಟ್ಟಡ ಎದ್ದವು. ಗಚ್ಚಿಬೌಲಿಯವರೆಗೆ ಕಾರುಗಳ ಸಾಲು ಬೆಳೆಯಿತು. ಸುಮೋ ಬರುವ ಹೊತ್ತು ಐದರಿಂದ ನಾಲ್ಕೂವರೆಗೆ ಬಂತು. ಅಪೂರ್ವ ಶಾಲೆಗೆ ಸೇರಿ, ಅಜ್ಜಿಗೆ ಹೆಸರು ಬರೆಯುವುದನ್ನು ಕಲಿಸಿದಳು. ಗದಿಗೆಮ್ಮ ತನ್ನ ಹೆಸರಿನ ಕೊನೆಯ ಒತ್ತಕ್ಷರದಲ್ಲಿ ಯಾವಾಗಲೂ ಎಡವುತ್ತಿದ್ದಳು, ಎಡವಿ ಮೊಮ್ಮಗಳ ಕೈಲಿ ಬೈಸಿಕೊಳ್ಳುತ್ತಿದ್ದಳು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಹಾಲ್ವರ್ಸನ್ ಡಾಕ್ಟರನ ಫೈಲುಗಳು ನಿಂತವು. ಒಂದು ವಾರ ಕಾದಳು, ಎರಡು ವಾರ ಕಾದಳು. ತರುಣನನ್ನು ಕೇಳಿದರೆ, ಆ ಆಸ್ಪತ್ರೆಯ ಜೊತೆಗಿನ ಒಪ್ಪಂದ ಮುಗಿದಿದೆ, ಬೇರೇನೂ ಗೊತ್ತಿಲ್ಲ ಎಂದ. ಮುದುಕನಿಗೆ ವಯಸ್ಸೂ ಆಗಿತ್ತು, ಕೆಮ್ಮೂ ಹೆಚ್ಚಾಗಿತ್ತು. ಇದ್ದಾನೋ ಇಲ್ಲವೋ ತಿಳಿಯದವನ ಬಗ್ಗೆ ಯಾವ ಪದ ಬಳಸಬೇಕೆಂದು ಸುಮಂಗಲಾ ಬಹಳ ಯೋಚಿಸಿದಳು. ಕೊನೆಗೆ, ಚೆನ್ನಾಗಿರಲಿ ಎಂದುಕೊಂಡಳು. ತಿಳಿಯುವವರೆಗೆ ಹಾಗೆ ಅಂದುಕೊಳ್ಳಲು ಅಡ್ಡಿಯಿಲ್ಲ ಎನಿಸಿತು.

ಆಗಸ್ಟ್ ತಿಂಗಳಲ್ಲಿ ಕಂಪನಿಯ ವಿಳಾಸಕ್ಕೆ ಒಂದು ಲಕೋಟೆ ಬಂತು. ಟೈಪ್ ಮಾಡಿದ ಪ್ರತಿ ಪತ್ರದ ಅಡಿಯಲ್ಲಿ, ಹೇಳಿದವರ ಮತ್ತು ಬರೆದವರ ಹೆಸರಿನ ಮೊದಲಕ್ಷರಗಳನ್ನು ಸಣ್ಣದಾಗಿ ಹಾಕುವ ಪದ್ಧತಿಯಿದೆ. ಹಾಲ್ವರ್ಸನ್ ಡಾಕ್ಟರನಿಗೆ ಅವಳ ಬಗ್ಗೆ ಗೊತ್ತಿದ್ದದ್ದು ಆ ಎರಡಕ್ಷರ ಮಾತ್ರ. ಲಕೋಟೆಯ ಮೇಲೆ "ಎಸ್. ಎ. ಅವರಿಗೆ" ಎಂದಿತ್ತು. ತರುಣ ತಾನೇ ತಂದು ಅವಳ ಕೈಗೆ ಕೊಟ್ಟ.

ಒಂದು ಹಾಳೆಯ ಪತ್ರ. ಈ ಸಲ ಡಾಕ್ಟರ್ ತಾನೇ ಟೈಪ್ ಮಾಡಿದ್ದ. ಅಲ್ಪವಿರಾಮಗಳು ಬೇಕಾದಲ್ಲಿ ಇರಲಿಲ್ಲ, ಬೇಡವಾದಲ್ಲಿ ಇದ್ದವು. ಎರಡು ಕಡೆ ಅಕ್ಷರಗಳು ಹಿಂದುಮುಂದಾಗಿದ್ದವು. ಸುಮಂಗಲಾ ಓದುತ್ತ ಓದುತ್ತ ತಿಳಿಯದೆಯೇ ಪೆನ್ಸಿಲ್ ಕೈಗೆತ್ತಿಕೊಂಡದ್ದನ್ನು ಕಂಡು ತಾನೇ ನಾಚಿ ಕೆಳಗಿಟ್ಟಳು.

ಎಪ್ಪತ್ತನಾಲ್ಕಾಯಿತು, ದವಾಖಾನೆ ಬಿಟ್ಟು ಮನೆಯಲ್ಲಿದ್ದೇನೆ ಎಂದು ಬರೆದಿದ್ದ. ನೀವು ತಿದ್ದಿ ಕಳಿಸಿದ ಆ ಪತ್ರದ 'ವಿಶ್' ನಿಮಗೆ ನೆನಪಿರಬಹುದು. ಅದು ಯಾರಿಗೆ ಹೋಯಿತೋ ಆ ಹೆಂಗಸು ಹೋದ ವಾರ ಅಂಗಡಿಯಲ್ಲಿ ಸಿಕ್ಕಿದ್ದಳು. ಆಗ ಬಂದ ಸಾಂತ್ವನದ ಪತ್ರಗಳಲ್ಲಿ ಅದೊಂದನ್ನೇ ಇಟ್ಟುಕೊಂಡಿದ್ದೇನೆ ಎಂದಳು. ಉಳಿದವರೆಲ್ಲ ಇದೂ ಒಳ್ಳೆಯದಕ್ಕೇ ಎಂದು ಬರೆದಿದ್ದರಂತೆ, ಅದೊಂದು ಮಾತ್ರ, ಹೀಗಾಗಬಾರದಿತ್ತು ಎಂದು ಒಪ್ಪಿಕೊಂಡ ಪತ್ರವಂತೆ. ಅದರಲ್ಲಿ ಕೈ ನನ್ನದು ಮಾತ್ರವಲ್ಲ ಎಂದು ಅವಳಿಗೆ ಹೇಳಿದೆ. ನಿಮಗೂ ಹೇಳಬೇಕೆನಿಸಿತು. ಇಷ್ಟು ವರ್ಷ ನನ್ನ ಮಾತು ಕೇಳಿದ್ದಕ್ಕೆ ಕೃತಜ್ಞತೆಗಳು.

ಅಂದು ಮನೆಗೆ ಬಂದು ಸುಮಂಗಲಾ ಆ ಪತ್ರವನ್ನು ಒಂದೊಂದೇ ಸಾಲು ಕನ್ನಡ ಮಾಡಿ ಎಲ್ಲರಿಗೂ ಓದಿ ಹೇಳಿದಳು. ಅಂಬಾದಾಸ ಲಕೋಟೆಯನ್ನು ಬೆಳಕಿಗೆ ಹಿಡಿದು ಅಮೇರಿಕಾದ ಸ್ಟ್ಯಾಂಪು ನೋಡಿದ. ಗದಿಗೆಮ್ಮ ಎಲ್ಲ ಕೇಳಿ, "ಆ ಮುದುಕಗ ರೊಟ್ಟಿ ಯಾರ್ ಮಾಡಿ ಹಾಕ್ತಾರ?" ಎಂದು ಕೇಳಿದಳು. ಅದು ಪತ್ರದಲ್ಲಿರಲಿಲ್ಲ.

ಒಪ್ಪಂದ ಮುಗಿದಿದ್ದರಿಂದ ನಿಯಮವೂ ಉಳಿದಿರಲಿಲ್ಲ. ಡಾಕ್ಟರನಿಗೆ ಉತ್ತರ ಬರೆಯಲು ಅವಳಿಗೆ ಮೂರು ಸಂಜೆ ಹಿಡಿಯಿತು. ತನ್ನ ಪೂರ್ತಿ ಹೆಸರು ಬರೆದಳು, ತನ್ನ ಊರು ಹೇಳಿದಳು, ಅತಿಯಾಳ ಬಗ್ಗೆ ಬರೆದಳು, ಭವಾನಿಗೂ ಈ ವಿಷಯ ಫೋನಿನಲ್ಲಿ ತಿಳಿಸಿದ್ದೇನೆ, ಅವಳು ಬಹಳ ಸಂತೋಷಪಟ್ಟಳು ಎಂದು ಬರೆದಳು. ತನಗೆ ಆ ವ್ಯಾಕರಣ ಕಲಿಸಿದವರು ಇಬ್ಬರು, ಒಬ್ಬರು ನೀವು, ಇನ್ನೊಬ್ಬರು ನಮ್ಮ ಅತ್ತೆ ಎಂದು ಬರೆದಳು. ಮುಗಿಸುವ ಹೊತ್ತಿಗೆ ಗದಿಗೆಮ್ಮ ಬಾಗಿಲಲ್ಲಿ ನಿಂತು, "ನಾ ಕೇಳಿದ್ದು ಬರಿ. ಮರೀಬ್ಯಾಡ," ಎಂದಳು.

ಸುಮಂಗಲಾ ಅದನ್ನೂ ಬರೆದಳು. ಅದರ ಕೆಳಗೆ ಗದಿಗೆಮ್ಮ ತನ್ನ ಹೆಸರನ್ನು ಕನ್ನಡದಲ್ಲಿ ತಾನೇ ಬರೆದಳು. ಬೆಳಿಗ್ಗೆ ಅಂಬಾದಾಸ ಅಂಗಡಿಗೆ ಹೋಗುವ ದಾರಿಯಲ್ಲಿ ಲಕೋಟೆಯನ್ನು ಅಂಚೆಗೆ ಹಾಕಿದ.